38ರ ಪ್ಯಾಂಟ್ 34 ಆಗುತ್ತದೆಯೇ? ಸೊಂಟ ಹಿಡಿಸುವ ಮೊದಲು ಹಿಂದಿನ ಹೊಲಿಗೆ ನೋಡಿ

ಪ್ರಶ್ನೆ: ನಮಸ್ಕಾರ ಮಾಸ್ಟರ್. ನನಗೆ 46 ವರ್ಷ, ಊರು ದಾವಣಗೆರೆ, ಆಫೀಸ್ ಕೆಲಸ. ಸಕ್ಕರೆ ಕಾಯಿಲೆ ಬಂದ ಮೇಲೆ ಊಟ, ನಡಿಗೆ ಸರಿಮಾಡಿಕೊಂಡು ಸೊಂಟ 38ರಿಂದ 34ಕ್ಕೆ ಇಳಿದಿದೆ. ಈಗ ಬೀರುವಿನಲ್ಲಿರುವ ಒಂದು ಪ್ಯಾಂಟೂ ಸೊಂಟದಲ್ಲಿ ನಿಲ್ಲುತ್ತಿಲ್ಲ. ನಾಲ್ಕು ಫಾರ್ಮಲ್ ಪ್ಯಾಂಟ್ ಇವೆ, ಎರಡು ಟೈಲರ್ ಹೊಲಿದದ್ದು, ಎರಡು ರೆಡಿಮೇಡ್. ಜೊತೆಗೆ ಎರಡು ಜೀನ್ಸ್, ಒಂದು ಕಾಟನ್ ಪ್ಯಾಂಟ್, ಮದುವೆ ಸೂಟಿನದೊಂದು. ಬೆಲ್ಟ್ ಬಿಗಿದರೆ ಮುಂದೆ ನೆರಿಗೆ ಕಟ್ಟುತ್ತದೆ, ಹಿಂದೆ ಜೋಲು ಬೀಳುತ್ತದೆ. ನಮ್ಮ ಟೈಲರ್ "ಸೊಂಟ ಹಿಡಿಸಿದರೆ ಶೇಪ್ ಹೋಗುತ್ತೆ ಸರ್, ಹೊಸದು ತಗೊಳ್ಳಿ" ಅಂದರು. ಎರಡೂ ಸೈಡಿನಲ್ಲಿ ಒಂದೊಂದು ಹೊಲಿಗೆ ಹಾಕಿದರೆ ಸಾಕು ಅಂತ ತಂಗಿ ಹೇಳುತ್ತಾಳೆ. ಜೀನ್ಸನ್ನು ಕುದಿಯುವ ನೀರಿಗೆ ಹಾಕಿದರೆ ಕುಗ್ಗುತ್ತದೆ ಅಂತ ಒಬ್ಬ ಗೆಳೆಯ. ಮನೆಯಲ್ಲಿ ಅಮ್ಮನ ಕಾಲದ ತುಳಿಯುವ ಮಿಷನ್ ಇದೆ, ನೇರ ಹೊಲಿಗೆ ನನಗೆ ಬರುತ್ತದೆ. ನಾಲ್ಕು ಇಂಚು ಮನೆಯಲ್ಲೇ ಹಿಡಿಸಬಹುದೇ? ಹಿಡಿಸಿದರೆ ಎಲ್ಲಿ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಎರಡು ಇಂಚಿನವರೆಗೆ ಮನೆಯಲ್ಲೇ ಧೈರ್ಯವಾಗಿ ಹಿಡಿಸಬಹುದು. ಕೆಲವು ಪ್ಯಾಂಟಿನಲ್ಲಿ ಎರಡೂವರೆ ಇಂಚೂ ಆಗುತ್ತದೆ. ನಾಲ್ಕೂ ಇಂಚನ್ನು ಒಂದೇ ಕಡೆ ಹಿಡಿಸಿದರೆ ಮಾತ್ರ ನಿಮ್ಮ ಟೈಲರ್ ಹೇಳಿದ್ದು ನಿಜವಾಗುತ್ತದೆ. ಆದರೆ ನಿಮಗೆ ನಿಜಕ್ಕೂ ನಾಲ್ಕು ಇಂಚು ಹಿಡಿಸಬೇಕೇ ಎನ್ನುವುದನ್ನು ಮೊದಲು ನೋಡಬೇಕು. ಬಹಳ ಸಲ ಬೇಕಿರುವುದಿಲ್ಲ.

ಹೊಟ್ಟೆ ಇರುವವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ. ನೀವು ಟೇಪು ಹಿಡಿದು 34 ಅಂತ ನೋಡಿದ್ದು ಹೊಕ್ಕುಳದ ಮಟ್ಟದಲ್ಲಿ ಆಗಿದ್ದರೆ, ಪ್ಯಾಂಟ್ ನಿಲ್ಲುವ ಜಾಗದಲ್ಲಿ ಅದು 35 ಇದ್ದರೂ ಆಶ್ಚರ್ಯವಿಲ್ಲ. ಅದರ ಮೇಲೆ ಅರ್ಧ ಇಂಚು ಸಡಿಲ ಬೇಕೇಬೇಕು, ಕುರ್ಚಿಯಲ್ಲಿ ಕೂತಾಗ ಸೊಂಟ ಹಿಗ್ಗುತ್ತದೆ. ಅಂದರೆ 38 ಇರುವ ಪ್ಯಾಂಟನ್ನು ಮೂವತ್ತೈದೂವರೆಗೆ ತಂದರೆ ಸಾಕು, ಹಿಡಿಸಬೇಕಾದದ್ದು ಎರಡೂವರೆ ಇಂಚು. ಪ್ಯಾಂಟಿನ ಅಳತೆಯನ್ನೂ ಲೇಬಲ್ ನೋಡಿ ನಂಬಬೇಡಿ. ಗುಂಡಿ ಹಾಕಿ, ಜಿಪ್ಪೆಳೆದು, ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ, ಸೊಂಟಪಟ್ಟಿಯ ಈ ತುದಿಯಿಂದ ಆ ತುದಿಗೆ ಅಳೆದು ಎರಡರಿಂದ ಗುಣಿಸಿ. 38 ಅಂತ ಬರೆದಿರುವ ರೆಡಿಮೇಡ್ ಪ್ಯಾಂಟ್ 39 ಬರುವುದುಂಟು, ವರ್ಷಗಟ್ಟಲೆ ತೊಟ್ಟ ಜೀನ್ಸ್ ಇನ್ನೂ ಹಿಗ್ಗಿರುತ್ತದೆ. ಎಂಟು ಪ್ಯಾಂಟಿಗೂ ಎಂಟು ಬೇರೆ ಬೇರೆ ಲೆಕ್ಕ ಬರುತ್ತದೆ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಇನ್ನು ನೀವು ಕೇಳಿಸಿಕೊಂಡ ಸಲಹೆಗಳು.

ಬಿಸಿನೀರಿನದು ಬಿಡಿ. ಅಂಗಡಿಗೆ ಬರುವ ಹೆಚ್ಚಿನ ಡೆನಿಮ್ ಬಟ್ಟೆಯನ್ನು ಗಿರಣಿಯಲ್ಲೇ ಕುಗ್ಗಿಸಿರುತ್ತಾರೆ. ಉಳಿದ ಅಲ್ಪ ಸ್ವಲ್ಪ ಕುಗ್ಗುವಿಕೆ ಹಾಸುನೂಲಿನ ದಿಕ್ಕಿನಲ್ಲಿ, ಅಂದರೆ ಕಾಲಿನ ಉದ್ದದಲ್ಲಿ ಹೆಚ್ಚು. ಸೊಂಟದಲ್ಲಿ ಕುಗ್ಗಿದಂತೆ ಕಂಡದ್ದು ತೊಟ್ಟು ಓಡಾಡಿದ ಒಂದೆರಡು ಗಂಟೆಯಲ್ಲಿ ಹಿಗ್ಗಿ ಮೊದಲಿನಂತಾಗುತ್ತದೆ. ಹೀಗಾಗಿ ಉದ್ದ ಗಿಡ್ಡವಾಗಿ ಸೊಂಟ ಹಾಗೇ ಉಳಿದ ಪ್ಯಾಂಟ್ ನಿಮ್ಮ ಕೈಗೆ ಬರುತ್ತದೆ. ಜೀನ್ಸ್ ಎಳೆದರೆ ಹಿಗ್ಗುವ ಸ್ಟ್ರೆಚ್ ಬಟ್ಟೆಯದಾದರೆ, ಅದರೊಳಗಿನ ರಬ್ಬರಿನಂಥ ಎಳೆ ಕುದಿನೀರಿಗೆ ಹಾಳಾಗಿ ಮಂಡಿ, ಸೀಟು (ಕೂರುವ ಭಾಗ) ಶಾಶ್ವತವಾಗಿ ಜೋತುಬೀಳುತ್ತವೆ. ಪಾಲಿಯೆಸ್ಟರ್ ಮಿಶ್ರಣದ ಫಾರ್ಮಲ್ ಪ್ಯಾಂಟ್ ಕುಗ್ಗುವುದೂ ಇಲ್ಲ, ಬಿಸಿಯಲ್ಲಿ ಕೂತ ಸುಕ್ಕು ಮತ್ತೆ ಹೋಗುವುದೂ ಇಲ್ಲ.

ನಿಮ್ಮ ತಂಗಿ ಹೇಳಿದ ಸೈಡ್ ಹೊಲಿಗೆ ಚೂಡಿದಾರ್ ಟಾಪಿಗೆ ಸರಿಯಾದ ಮಾತು. ಪ್ಯಾಂಟಿಗೆ ಅಲ್ಲ, ಯಾಕೆಂದರೆ ಪ್ಯಾಂಟಿನ ಸೈಡ್ ಹೊಲಿಗೆಯಲ್ಲೇ ಜೇಬಿನ ಬಾಯಿ ಇದೆ. ಅಲ್ಲಿ ಅರ್ಧ ಇಂಚು ಒಳಗೆ ಹೊಲಿದರೂ ಜೇಬಿನ ಬಾಯಿ ಮುಚ್ಚುತ್ತದೆ. ಸರಿಯಾಗಿ ಮಾಡಬೇಕಾದರೆ ಸೊಂಟಪಟ್ಟಿ ಕಳಚಿ, ಜೇಬು ಬಿಚ್ಚಿ, ಮತ್ತೆ ಕೂರಿಸಬೇಕು. ಅದು ಅರ್ಧ ಪ್ಯಾಂಟ್ ಹೊಸದಾಗಿ ಹೊಲಿದಷ್ಟು ಕೆಲಸ.

ಟೈಲರ್ ಹೇಳಿದ "ಶೇಪ್ ಹೋಗುತ್ತೆ" ಎನ್ನುವುದರಲ್ಲಿ ಸತ್ಯವಿದೆ, ಎಷ್ಟು ಇಂಚಿಗೆ ಹೋಗುತ್ತದೆ ಎನ್ನುವುದು ಮುಖ್ಯ. ಲೆಕ್ಕ ಹಾಕಿ ನೋಡಿ. 38ರ ಪ್ಯಾಂಟಿನಲ್ಲಿ ಮುಂಭಾಗ 19, ಹಿಂಭಾಗ 19 ಎಂದಿಟ್ಟುಕೊಳ್ಳಿ. ಹಿಂದಿನ ನಡುವಿನಲ್ಲಿ ಎರಡು ಇಂಚು ತೆಗೆದರೆ ಮುಂದೆ 19 ಉಳಿಯಿತು, ಹಿಂದೆ 17. ಸಮವಾಗಿ 18, 18 ಇರಬೇಕಿತ್ತು. ಹಾಗಾಗಿ ಎರಡೂ ಸೈಡ್ ಹೊಲಿಗೆಗಳು ಅರ್ಧರ್ಧ ಇಂಚು ಹಿಂದಕ್ಕೆ ಸರಿಯುತ್ತವೆ. ಅಷ್ಟು ಯಾರ ಕಣ್ಣಿಗೂ ಬೀಳುವುದಿಲ್ಲ. ನಾಲ್ಕು ಇಂಚು ತೆಗೆದರೆ ಒಂದೊಂದು ಇಂಚು ಸರಿಯುತ್ತವೆ. ಆಗ ಸೈಡ್ ಜೇಬು ಬಾಯಿ ಬಿಡುತ್ತದೆ, ಮುಂದಿನ ಕ್ರೀಸ್ ಗೆರೆ ಹೊರಕ್ಕೆ ಓಡುತ್ತದೆ, ಹಿಂದಿನ ಎರಡು ಜೇಬುಗಳು ಒಂದಕ್ಕೊಂದು ಅಂಟಿದಂತೆ ಹತ್ತಿರ ಬರುತ್ತವೆ. ಹಿಡಿಸಿದ ಮೇಲೆ ಹಿಂದಿನ ಜೇಬುಗಳ ಒಳ ಅಂಚುಗಳ ನಡುವೆ ಎರಡು ಇಂಚಾದರೂ ಉಳಿಯಬೇಕು. ಬಲಕ್ಕೆ ಒಂದೇ ಜೇಬಿರುವ ಪ್ಯಾಂಟಿನಲ್ಲಿ ಇನ್ನರ್ಧ ಇಂಚು ಹೆಚ್ಚು ಹಿಡಿಸಿದರೂ ನಡೆಯುತ್ತದೆ.

ಈಗ ಪ್ಯಾಂಟುಗಳನ್ನು ಒಳಮೈ ತಿರುಗಿಸಿ ಹಿಂಭಾಗದ ನಡು ನೋಡಿ. ಸೊಂಟಪಟ್ಟಿಯೂ ಅಲ್ಲೇ ಎರಡು ತುಂಡಾಗಿ, ಸೀಟಿನ ಹೊಲಿಗೆ ಕೆಳಗಿನಿಂದ ಪಟ್ಟಿಯ ತುದಿಯವರೆಗೂ ಒಂದೇ ಗೆರೆಯಾಗಿ ಹೋಗಿದೆಯೇ? ಟೈಲರ್ ಹೊಲಿದ ಪ್ಯಾಂಟಿನಲ್ಲಿ ಹೀಗೇ ಇರುತ್ತದೆ. ಎಡ, ಬಲ ಎರಡನ್ನೂ ಪಟ್ಟಿ ಸಮೇತ ಬೇರೆ ಬೇರೆಯಾಗಿ ಮುಗಿಸಿ, ಈ ಸೀಟ್ ಹೊಲಿಗೆಯನ್ನು ಕೊನೆಗೆ ಹಾಕುವುದೇ ಮುಂದೆ ಹಿಡಿಸಲು, ಬಿಡಿಸಲು ಅನುಕೂಲವಾಗಲಿ ಎಂದು. ಅದಕ್ಕಾಗಿಯೇ ಸೊಂಟದ ಹತ್ತಿರ ಒಂದರಿಂದ ಒಂದೂವರೆ ಇಂಚು ಮಾರ್ಜಿನ್ ಬಟ್ಟೆ ಒಳಗೆ ಬಿಟ್ಟಿರುತ್ತಾರೆ. ಒಳ್ಳೆಯ ರೆಡಿಮೇಡ್ ಫಾರ್ಮಲ್ ಪ್ಯಾಂಟಿನಲ್ಲೂ ಇದೇ ಕ್ರಮ ಕಾಣಬಹುದು. ಪಟ್ಟಿ ಸುತ್ತಲೂ ಒಂದೇ ತುಂಡಾಗಿ ಬಂದಿದ್ದರೆ ಅದು ಜೀನ್ಸಿನ ಜಾತಿ, ನಿಮ್ಮ ಕಾಟನ್ ಪ್ಯಾಂಟ್ ಹೀಗೇ ಇರುವ ಸಾಧ್ಯತೆ ಹೆಚ್ಚು. ಅದರ ಮಾತು ಆಮೇಲೆ.

ಸೀಟ್ ಹೊಲಿಗೆಯಲ್ಲಿ ಹಿಡಿಸುವ ಕ್ರಮ ಹೀಗೆ. ಶರ್ಟ್ ಒಳಗೆ ಸಿಕ್ಕಿಸಿ, ಬೆಲ್ಟ್ ಹಾಕದೆ ಪ್ಯಾಂಟ್ ತೊಡಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬೇಡ, ಮಧ್ಯಾಹ್ನ ಊಟವಾದ ಮೇಲೆ ಮಾಡಿ. ಮನೆಯವರೊಬ್ಬರು ಹಿಂದಿನ ನಡುವಿನಲ್ಲಿ ಹೆಚ್ಚಿನ ಬಟ್ಟೆಯನ್ನು ಚಿವುಟಿ ಹಿಡಿದು ಗುಂಡುಸೂಜಿ ಚುಚ್ಚಲಿ. ಕುರ್ಚಿಯಲ್ಲಿ ಕೂತು ನೋಡಿ, ಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಆಮೇಲೆ ಪ್ಯಾಂಟ್ ತೆಗೆದು, ಚಿವುಟಿದ ಮಡಿಕೆಯ ಆಳ ಅಳೆಯಿರಿ. ಇಲ್ಲೇ ಹೆಚ್ಚು ಜನ ಎಡವುವುದು. ಮಡಿಕೆ ಒಂದಿಂಚು ಇದ್ದರೆ ಸೊಂಟದಲ್ಲಿ ಕಡಿಮೆಯಾಗುವುದು ಎರಡು ಇಂಚು. ಎರಡು ಇಂಚು ಬೇಕೆಂದು ಹಳೆಯ ಹೊಲಿಗೆಯಿಂದ ಎರಡು ಇಂಚು ಒಳಗೆ ಗೆರೆ ಎಳೆದರೆ ನಾಲ್ಕು ಇಂಚು ಹೋಯಿತು.

ಬೆಲ್ಟ್ ತೂರಿಸುವ ನಡುವಿನ ಲೂಪನ್ನು ಬ್ಲೇಡಿನ ತುದಿಯಿಂದ ಬಿಚ್ಚಿ ಎತ್ತಿಡಿ. ಪಟ್ಟಿಯ ಒಳಗಿನ ಅಸ್ತರಿ ಕೈಹೊಲಿಗೆಯಲ್ಲಿ ಕೂತಿರುತ್ತದೆ, ನಡುವಿನಿಂದ ಎರಡೂ ಕಡೆ ಮೂರು ಮೂರು ಇಂಚು ಬಿಚ್ಚಿ ಮೇಲಕ್ಕೆ ಮಗುಚಿ. ಈಗ ಸೀಟ್ ಹೊಲಿಗೆ ಪಟ್ಟಿಯ ತುದಿಯಿಂದ ತೊಡೆಸಂದಿನವರೆಗೆ ಪೂರ್ತಿ ಕಾಣುತ್ತದೆ. ಹಳೆಯ ಹೊಲಿಗೆ ಈಗಲೇ ಬಿಚ್ಚಬೇಡಿ, ಎರಡು ಪದರ ಅಲುಗಾಡದಂತೆ ಹಿಡಿದುಕೊಳ್ಳುವುದು ಅದೇ.

ಸೀಮೆಸುಣ್ಣದಲ್ಲಿ ಹೊಸ ಗೆರೆ ಎಳೆಯಿರಿ. ಸೊಂಟ ಮಾತ್ರ ಸಡಿಲವಿದ್ದು ಸೀಟು ಸರಿಯಿದ್ದರೆ, ಪಟ್ಟಿಯ ಕೆಳಗೆ ಐದಾರು ಇಂಚಿನಲ್ಲಿ ಹೊಸ ಗೆರೆ ಹಳೆಯದರ ಜೊತೆ ಸೇರಬೇಕು. ನಿಮ್ಮ ಪತ್ರದಲ್ಲಿ ಹಿಂದೆ ಜೋಲು ಬೀಳುತ್ತದೆ ಎಂದಿದ್ದೀರಿ, ಹಾಗಾಗಿ ಸೀಟೂ ಇಳಿದಿದೆ. ನಿಮಗೆ ಗೆರೆ ಇನ್ನೂ ಕೆಳಗಿನವರೆಗೆ ಹೋಗಬೇಕು. ಸೊಂಟದಲ್ಲಿ ಒಂದಿಂಚು ಒಳಗಿದ್ದರೆ, ಸೀಟು ಅತಿ ಅಗಲವಿರುವ ಮಟ್ಟದಲ್ಲಿ ಅರ್ಧ ಇಂಚು, ಹೊಲಿಗೆ ಬಾಗುವ ಬಳುಕಿನ ಕೆಳಭಾಗದಲ್ಲಿ ಕಾಲಿಂಚು, ತೊಡೆಸಂದಿನಲ್ಲಿ ನಾಲ್ಕು ಹೊಲಿಗೆ ಕೂಡುವ ಜಾಗಕ್ಕೆ ಬರುವಷ್ಟರಲ್ಲಿ ಸೊನ್ನೆ. ಗೆರೆ ಎಲ್ಲೂ ಮುರಿಯದೆ ಹರಿಯಬೇಕು. ಅವಸರದಲ್ಲಿ ಮೂರೇ ಇಂಚಿನಲ್ಲಿ ಹಳೆಯ ಗೆರೆಗೆ ಸೇರಿಸಿದರೆ ಸೇರುವ ಜಾಗದಲ್ಲಿ ಬಟ್ಟೆ ಉಬ್ಬಿ ಮೂತಿ ಬರುತ್ತದೆ, ಎಷ್ಟು ಇಸ್ತ್ರಿ ಹಾಕಿದರೂ ಕೂರುವುದಿಲ್ಲ. ಪಟ್ಟಿಯ ಅಗಲದಲ್ಲಿ ಮಾತ್ರ ಗೆರೆಯನ್ನು ಹಳೆಯ ಹೊಲಿಗೆಗೆ ಸಮಾನಾಂತರವಾಗಿ ನೇರ ಒಯ್ಯಿರಿ. ಓರೆಯಾಗಿ ಒಳಕ್ಕೆ ಎಳೆದುಕೊಂಡು ಹೋದರೆ ಪಟ್ಟಿಯ ಮೇಲಂಚು ಬೆನ್ನಿಗೆ ಒತ್ತುತ್ತದೆ.

ಬೇರೆ ಬಣ್ಣದ ದಾರದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಮತ್ತೊಮ್ಮೆ ತೊಟ್ಟು ನೋಡಿ. ನಿಂತು, ಕೂತು, ಬಗ್ಗಿ, ಸಾಧ್ಯವಾದರೆ ಚಕ್ಕಳಮಕ್ಕಳ ಹಾಕಿ. ಪಟ್ಟಿಯ ಎರಡು ತುದಿ ಒಂದೇ ಮಟ್ಟದಲ್ಲಿವೆಯೇ ಎಂದೂ ನೋಡಿ, ಕೂದಲೆಳೆ ವ್ಯತ್ಯಾಸವಿದ್ದರೂ ಹೊರಗೆ ಎದ್ದು ಕಾಣುತ್ತದೆ. ಸರಿಯಿದೆ ಅನ್ನಿಸಿದ ಮೇಲೆ ಮಿಷನ್ನಿಗೆ ಕೂರಿ. ಈ ಹೊಲಿಗೆ ಬಟ್ಟೆಯ ಓರೆಯಲ್ಲಿ ಹೋಗುವುದರಿಂದ, ನೀವು ಪ್ರತಿ ಸಲ ಕೂತಾಗ ಇದೇ ಎಳೆಯುತ್ತದೆ. ಹಾಗಾಗಿ ಇಂಚಿಗೆ ಹತ್ತು ಹನ್ನೆರಡು ಹೊಲಿಗೆ ಬರುವಂತೆ ಚಿಕ್ಕದಾಗಿ ಇಟ್ಟು, ಬಳುಕಿನ ಭಾಗದಲ್ಲಿ ಬಟ್ಟೆಯನ್ನು ಮುಂದೆ ಹಿಂದೆ ತುಸು ಎಳೆದು ಹಿಡಿದು ಹೊಲಿಯಿರಿ. ಅದೇ ಗೆರೆಯ ಮೇಲೆ ಎರಡನೆಯ ಸಲವೂ ಹೊಲಿಯಿರಿ. ಎಳೆಯದೆ ಒಂದೇ ಸಾಲು ಹಾಕಿದ ಪ್ಯಾಂಟ್ ಬೈಕ್ ಹತ್ತುವಾಗಲೋ, ಊಟಕ್ಕೆ ನೆಲದ ಮೇಲೆ ಕೂರುವಾಗಲೋ ಕೈಕೊಡುತ್ತದೆ. ಹಳೆಯ ಮಿಷನ್ನಿನಲ್ಲಿ ಹಿಂದಕ್ಕೆ ಹೊಲಿಯುವ ಲಿವರ್ ಇಲ್ಲದಿದ್ದರೆ ಎರಡೂ ತುದಿಯಲ್ಲಿ ಬಟ್ಟೆ ತಿರುಗಿಸಿ ಅರ್ಧ ಇಂಚು ಅದೇ ಗೆರೆಯಲ್ಲಿ ವಾಪಸ್ ಬನ್ನಿ.

ಈಗ ಹಳೆಯ ಹೊಲಿಗೆ ಬಿಚ್ಚಿ. ಬಿಚ್ಚದೆ ಬಿಟ್ಟರೆ ಮಾರ್ಜಿನ್ ಎರಡು ಕಡೆಗೆ ಬಿಡಿಸಿಕೊಳ್ಳದೆ ಬೆನ್ನ ಮೇಲೆ ಏಣಿನಂತೆ ಉಳಿದುಬಿಡುತ್ತದೆ. ಮಾರ್ಜಿನ್ನನ್ನು ಎರಡು ಕಡೆಗೆ ಬಿಡಿಸಿ ಇಸ್ತ್ರಿ ಹಾಕಿ. ಬಳುಕಿರುವ ಕಡೆ ಸುತ್ತಿದ ಟವೆಲನ್ನು ಒಳಗಿಟ್ಟು ಅದರ ಮೇಲೆ ಒತ್ತಿ. ಪಟ್ಟಿಯೊಳಗಿನ ಬಕ್ರಂ (ಪಟ್ಟಿ ಗಡುಸಾಗಿರಲು ಇಡುವ ಬಟ್ಟೆ) ದಪ್ಪವಾಗಿ ಗಂಟು ಕಟ್ಟಿದರೆ ಬಕ್ರಂ ಮಾತ್ರ ಹೊಲಿಗೆಯ ಪಕ್ಕದವರೆಗೆ ಕತ್ತರಿಸಿ. ಮೇಲಿನ ಬಟ್ಟೆ ಕತ್ತರಿಸಬೇಡಿ, ಒಂದೂವರೆ ಇಂಚಿನವರೆಗೆ ಒಳಗೇ ಇರಲಿ. ತೂಕ ಹೆಚ್ಚು ಕಡಿಮೆಯಾಗುವ ದೇಹಕ್ಕೆ ಆ ಬಟ್ಟೆಯೇ ಆಸರೆ. ಅದಕ್ಕಿಂತ ಅಗಲವಿದ್ದರೆ ಮಾತ್ರ ತೆಗೆದು, ನೂಲು ಬಿಚ್ಚಿಕೊಳ್ಳದಂತೆ ಅಂಚಿಗೆ ಓವರ್‌ಲಾಕ್ ಮಾಡಿಸಿ. ಸೀರೆಗೆ ಫಾಲ್, ಪಿಕೊ ಮಾಡುವ ಅಂಗಡಿಗಳಲ್ಲಿ ಆ ಮಿಷನ್ ಇದ್ದರೆ ಐದು ನಿಮಿಷದ ಕೆಲಸ. ಕೊನೆಗೆ ಅಸ್ತರಿ ಇಳಿಸಿ ಕೈಯಲ್ಲಿ ಹೆಮ್ಮಿಂಗ್ ಮಾಡಿ, ಲೂಪನ್ನು ಅದರ ಜಾಗಕ್ಕೆ ಕೂರಿಸಿ.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ, ಅದನ್ನು ಮೊದಲೇ ತಿಳಿದಿರಿ. 38ರ ಪ್ಯಾಂಟಿನಲ್ಲಿ ಸೊಂಟದಿಂದ ತೊಡೆಸಂದಿಗೆ ಇಳಿಯುವ ಆಳವೂ 34ರದಕ್ಕಿಂತ ಹೆಚ್ಚಿರುತ್ತದೆ. ಸೊಂಟ ಹಿಡಿಸಿದರೂ ಆ ಆಳ ಕಡಿಮೆಯಾಗುವುದಿಲ್ಲ, ಮುಂದೆ ಜಿಪ್ಪಿನ ಕೆಳಗೆ ಸ್ವಲ್ಪ ಜೋಲು ಇರುತ್ತದೆ. ಪ್ಯಾಂಟನ್ನು ಮೊದಲಿಗಿಂತ ಸ್ವಲ್ಪ ಮೇಲಕ್ಕೆ ಕಟ್ಟಿದರೆ ಬಹುಪಾಲು ಮರೆಯಾಗುತ್ತದೆ. ಹಾಗೆ ಕಟ್ಟಿದಾಗ ಉದ್ದ ಸಾಲದೆ ಬಂದರೆ ಕಾಲಿನ ಮಡಿಕೆಯಿಂದ ಅರ್ಧ ಇಂಚು ಬಿಡಿಸಿಕೊಳ್ಳಿ. ಮುಂದೆ ಪ್ಲೀಟ್ ಇರುವ ಪ್ಯಾಂಟಾದರೆ ಪ್ಲೀಟನ್ನೇ ಆಳ ಮಾಡಿ ಸೊಂಟ ಹಿಡಿಸುವ ಆಸೆ ಬರುತ್ತದೆ. ಮಾಡಬೇಡಿ, ಇಳಿದ ಹೊಟ್ಟೆಯ ಮುಂದೆ ಬಟ್ಟೆ ಇನ್ನೂ ಉಬ್ಬುತ್ತದೆ.

ಜೀನ್ಸ್ ಬೇರೆಯೇ ಲೋಕ. ಪಟ್ಟಿ ಒಂದೇ ತುಂಡು, ಸೀಟ್ ಹೊಲಿಗೆ ಒಂದರೊಳಗೊಂದು ಮಡಿಸಿ ದಪ್ಪ ದಾರದಲ್ಲಿ ಎರಡು ಸಾಲು ಹಾಕಿದ್ದು, ಮಾರ್ಜಿನ್ ಅರ್ಧ ಇಂಚಿನಷ್ಟೂ ಇಲ್ಲ. ನಿಮಗೆ ಮೂರು ದಾರಿ ಇವೆ.

ಒಂದೂವರೆ ಇಂಚಿನೊಳಗೆ ಸಾಕಾದರೆ ಎಲಾಸ್ಟಿಕ್. ಪಟ್ಟಿಯ ಒಳಪದರದಲ್ಲಿ ಮಾತ್ರ, ಎರಡೂ ಸೈಡ್ ಹೊಲಿಗೆಯ ಸ್ವಲ್ಪ ಹಿಂದೆ, ಒಂದು ಇಂಚಿನ ಲಂಬ ಸೀಳು ಮಾಡಿ. ಹಿಂದಿನ ಲೂಪುಗಳು ಪಟ್ಟಿಯ ಎರಡೂ ಪದರ ಹಿಡಿದು ಹೊಲಿದಿದ್ದರೆ ಎಲಾಸ್ಟಿಕ್ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಅವನ್ನು ಮೊದಲು ಬಿಚ್ಚಿ. ಒಂದಿಂಚು ಅಗಲದ ಗಟ್ಟಿ ಎಲಾಸ್ಟಿಕ್ಕಿಗೆ ಸೇಫ್ಟಿ ಪಿನ್ ಚುಚ್ಚಿ ಒಂದು ಸೀಳಿನಿಂದ ಇನ್ನೊಂದಕ್ಕೆ ದಾಟಿಸಿ. ಸೀಳುಗಳ ನಡುವಿನ ಅಂತರ 15 ಇಂಚಿದ್ದರೆ ಎಲಾಸ್ಟಿಕ್ ಒಳಗೆ ಉಳಿಯಬೇಕಾದದ್ದು ಹದಿಮೂರೂವರೆ. ಎರಡು ತುದಿಯನ್ನೂ ಚೌಕಾಕಾರದಲ್ಲಿ ಹೊಲಿದು ಭದ್ರಪಡಿಸಿ, ಸೀಳುಗಳನ್ನು ಕೈಯಲ್ಲಿ ಮುಚ್ಚಿ, ಲೂಪುಗಳನ್ನು ಮತ್ತೆ ಹಾಕಿ. ಹಿಂದೆ ನೆರಿಗೆ ಕಾಣುತ್ತದೆ, ಶರ್ಟ್ ಹೊರಗೆ ಬಿಡುವವರಿಗೆ ತೊಂದರೆಯಿಲ್ಲ. ಬೇಡವಾದಾಗ ಕಿತ್ತು ತೆಗೆಯಬಹುದು ಎನ್ನುವುದೇ ಇದರ ದೊಡ್ಡ ಗುಣ. ಬಕ್ರಂ ಇರುವ ಫಾರ್ಮಲ್ ಪಟ್ಟಿಯಲ್ಲಿ ಇದು ಆಗುವುದಿಲ್ಲ.

ಎರಡು ಇಂಚು ಬೇಕಾದರೆ ಪಟ್ಟಿ ಕತ್ತರಿಸಲೇಬೇಕು. ನಡುವಿನ ಲೂಪು ತೆಗೆದು, ಪಟ್ಟಿಯನ್ನು ಕೆಳಗಿನ ಬಟ್ಟೆಯಿಂದ ನಡುವಿನ ಎರಡೂ ಕಡೆ ಮೂರು ಮೂರು ಇಂಚು ಬಿಡಿಸಿ. ಸೀಟಿನ ಎರಡು ಸಾಲು ಹೊಲಿಗೆಯನ್ನು ಆರೇಳು ಇಂಚು ಬಿಚ್ಚಿ, ಒಳಮೈಯಿಂದ ಹೊಸ ಗೆರೆಯಲ್ಲಿ ಹೊಲಿದು, ಅರ್ಧ ಇಂಚು ಮಾರ್ಜಿನ್ ಬಿಟ್ಟು ಉಳಿದದ್ದು ಕತ್ತರಿಸಿ, ಓವರ್‌ಲಾಕ್ ಮಾಡಿಸಿ, ಹಳೆಯ ಹೊಲಿಗೆ ಯಾವ ಕಡೆಗೆ ಮಡಿಸಿತ್ತೋ ಆ ಕಡೆಗೇ ಮಡಿಸಿ ಮೇಲಿನಿಂದ ಎರಡು ಸಾಲು ಹಾಕಿ. ಹೊರಗಿನಿಂದ ನೋಡಿದವರಿಗೆ ಕಂಪನಿ ಹೊಲಿಗೆಯಂತೆಯೇ ಕಾಣುತ್ತದೆ. ಪಟ್ಟಿಯನ್ನು ನಡುವಿನಲ್ಲಿ ಕತ್ತರಿಸುವಾಗ ಎರಡು ಇಂಚು ಪೂರ್ತಿ ತೆಗೆಯಬೇಡಿ. ಜೋಡಿಸಲು ಎರಡೂ ಕಡೆ ಕಾಲು ಕಾಲು ಇಂಚು ಬೇಕು, ಆದ್ದರಿಂದ ಕತ್ತರಿಸುವುದು ಒಂದೂವರೆ ಇಂಚು ಮಾತ್ರ. ಜೋಡಣೆ ಸರಿಯಾಗಿ ಲೂಪಿನ ಕೆಳಗೆ ಬಂದರೆ ಹೊರಗೆ ಕಾಣುವುದೇ ಇಲ್ಲ. ಚರ್ಮದ ಲೇಬಲ್ ನಡುವಿನಲ್ಲೇ ಇದ್ದರೆ ಮೊದಲು ಬಿಚ್ಚಿ, ಕೊನೆಗೆ ಮೇಲೆ ಹೊಲಿಯಿರಿ.

ನಿಮ್ಮ ತುಳಿಯುವ ಮಿಷನ್ ಈ ಕೆಲಸಕ್ಕೆ ಅನೇಕ ಹೊಸ ಪ್ಲಾಸ್ಟಿಕ್ ಮಿಷನ್ನಿಗಿಂತ ಗಟ್ಟಿ. ಸೂಜಿ ಬದಲಿಸಿ, ಫಾರ್ಮಲ್ ಪ್ಯಾಂಟಿಗೆ 14ನೇ ನಂಬರ್, ಜೀನ್ಸಿಗೆ 16 ಇಲ್ಲವೇ 18. ದಪ್ಪ ದಾರ ಮೇಲೆ ಮಾತ್ರ, ಬಾಬಿನ್ನಿನಲ್ಲಿ ಮಾಮೂಲಿ ದಾರ, ಹೊಲಿಗೆ ಸ್ವಲ್ಪ ಉದ್ದ. ಹೊಲಿಗೆಗಳು ಒಂದರ ಮೇಲೊಂದು ಕೂಡಿ ಎಂಟು ಪದರವಾಗುವ ಜಾಗದಲ್ಲಿ ಸೂಜಿ ಮುರಿಯುವ ಸಾಧ್ಯತೆ ಹೆಚ್ಚು. ಅದಕ್ಕೆ ಮೊದಲು ಬಟ್ಟೆ ಸುತ್ತಿ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿ. ಆ ಗಂಟು ಹತ್ತುವಾಗ ಬಟ್ಟೆ ಒತ್ತಿ ಹಿಡಿಯುವ ಪ್ರೆಶರ್ ಫೂಟಿನ ಹಿಂದುಗಡೆ ಅಷ್ಟೇ ದಪ್ಪಕ್ಕೆ ಮಡಿಸಿದ ಡೆನಿಮ್ ತುಂಡು ಇಟ್ಟರೆ ಫೂಟ್ ಸಮಮಟ್ಟದಲ್ಲಿ ನಿಲ್ಲುತ್ತದೆ. ಅಲ್ಲಿ ತುಳಿಯದೆ, ಚಕ್ರವನ್ನು ಕೈಯಲ್ಲೇ ತಿರುಗಿಸಿ ಒಂದೊಂದೇ ಹೊಲಿಗೆ ದಾಟಿಸಿ.

ಮೂರನೆಯದು ಚುಚ್ಚಿ ಕೂರಿಸುವ ಜೀನ್ಸ್ ಗುಂಡಿ. ಗುಂಡಿಯನ್ನು ಇಂಚು ಒಳಗೆ ಸರಿಸುತ್ತದೆ, ಆದರೆ ಜಿಪ್ಪು ಓರೆಯಾಗುತ್ತದೆ. ತುರ್ತಿಗೆ ಮಾತ್ರ. ಕಾಟನ್ ಪ್ಯಾಂಟಿಗೂ ಜೀನ್ಸಿನ ಎರಡನೆಯ ದಾರಿಯೇ, ಬಟ್ಟೆ ತೆಳುವಾದ್ದರಿಂದ ಇನ್ನೂ ಸುಲಭ.

ಯಾವುದರಿಂದ ಶುರು ಮಾಡಬೇಕು? ಟೈಲರ್ ಹೊಲಿದ ಎರಡರಲ್ಲಿ ಹಳೆಯದರಿಂದ. ತೂಕ ಇನ್ನೂ ಇಳಿಯುತ್ತಿದ್ದರೆ ಆಫೀಸಿಗೆ ಬೇಕಾದ ಎರಡನ್ನು ಮಾತ್ರ ಈಗ ಹಿಡಿಸಿ, ಉಳಿದವು ತೂಕ ನಿಂತ ಮೇಲೆ. ಅಳತೆ ಹಾಕಿದಾಗ ಮೂರು ಇಂಚಿಗಿಂತ ಹೆಚ್ಚು ಬಂದ ಜೀನ್ಸಿಗೆ ಶ್ರಮ ಹಾಕಬೇಡಿ, ತೊಡೆಯೂ ಅಷ್ಟೇ ದೊಗಲೆ ಇರುತ್ತದೆ. ಅದನ್ನು ಕತ್ತರಿಸಿ ಅಭ್ಯಾಸಕ್ಕೆ ಇಟ್ಟುಕೊಳ್ಳಿ, ದಪ್ಪ ಹೊಲಿಗೆ ಕೈಗೆ ಹತ್ತುವುದು ಅದರಲ್ಲೇ.

ಸೂಟಿನ ಪ್ಯಾಂಟನ್ನು ಮಾತ್ರ ಮನೆಯಲ್ಲಿ ಮುಟ್ಟಬೇಡಿ. ಹೊಲಿಗೆ ಕಷ್ಟವೆಂದಲ್ಲ. ಉಣ್ಣೆ ಮಿಶ್ರಿತ ಬಟ್ಟೆಯ ಮೇಲೆ ಒದ್ದೆ ಬಟ್ಟೆ ಹಾಸದೆ ಇಸ್ತ್ರಿ ಇಟ್ಟರೆ ಹೊಳಪು ಕೂತುಬಿಡುತ್ತದೆ, ಕೋಟಿನ ಪಕ್ಕದಲ್ಲಿ ಅದು ಎದ್ದು ಕಾಣುತ್ತದೆ. ಕೋಟು, ಸೂಟು ಹೊಲಿಯುವ ಟೈಲರ್ ಹತ್ತಿರ ಒಯ್ದು, ನಾಲ್ಕು ಇಂಚು ಬೇಕಾದರೆ "ಸೀಟಿನಲ್ಲಿ ಎರಡೂವರೆ, ಉಳಿದ ಒಂದೂವರೆ ಜೇಬು ಬಿಚ್ಚಿ ಎರಡು ಸೈಡಿನಲ್ಲಿ ಹಂಚಿ, ಮಾರ್ಜಿನ್ ಕತ್ತರಿಸಬೇಡಿ" ಎಂದು ಬಿಡಿಸಿ ಹೇಳಿ. ಕಚ್ಚಾ ಹೊಲಿಗೆಯಲ್ಲಿ ಒಮ್ಮೆ ತೊಟ್ಟು ನೋಡಿದ ಮೇಲೆಯೇ ಪಕ್ಕಾ ಮಾಡಿಸಿ.